ಹದಿಹರೆಯದ ಕ್ರೀಡಾ ಧಾರಾವಾಹಿ

ಶಾಲೆ, ಅಕಾಡೆಮಿ ಇಲ್ಲವೆ ಊರಿನ ತಂಡಕ್ಕೆ ಆಡುವ ಹುಡುಗ ಹುಡುಗಿಯರ ಬದುಕನ್ನು ಕಂತು ಕಂತಾಗಿ ನಿರೂಪಿಸುವ ಕಿರುತೆರೆ ಪ್ರಕಾರ. ಪಂದ್ಯ ಇದರ ಹೊರ ಚೌಕಟ್ಟು. ಮೈದಾನದವರೆಗೆ ಯಾರು ಬರಬಲ್ಲರು, ಯಾರನ್ನು ಯಾವುದು ತಡೆಯುತ್ತದೆ ಎಂಬುದು ಒಳಗಿನ ವಸ್ತು. ಬಡತನ, ವರ್ಣಭೇದ, ಹೆತ್ತವರ ಒತ್ತಡ, ಲೈಂಗಿಕತೆಯಂಥ ಪ್ರಶ್ನೆಗಳು ಆ ದಾರಿಯಲ್ಲೇ ಎದುರಾಗುತ್ತವೆ.

ಆರಂಭ

ಅಮೆರಿಕದ ಸಿಬಿಎಸ್ ವಾಹಿನಿಯ ‘ದ ವೈಟ್ ಶ್ಯಾಡೊ’ (1978–81) ಈ ಪ್ರಕಾರದ ಮೊದಲ ಗಣ್ಯ ಕೃತಿಗಳಲ್ಲೊಂದು. ಲಾಸ್ ಏಂಜಲೀಸ್‌ನ ಬಡ ಬಡಾವಣೆಯ ಶಾಲೆಯಲ್ಲಿ, ಬಹುಪಾಲು ಕಪ್ಪು ಹುಡುಗರಿರುವ ಬಾಸ್ಕೆಟ್‌ಬಾಲ್ ತಂಡಕ್ಕೆ ಬಿಳಿಯ ತರಬೇತುದಾರ ಬರುವ ಕಥೆ ಅದು. ‘ಫ್ರೈಡೆ ನೈಟ್ ಲೈಟ್ಸ್’ (2006–11) ಟೆಕ್ಸಾಸ್‌ನ ಕಲ್ಪಿತ ಊರೊಂದರ ಅಮೆರಿಕನ್ ಫುಟ್‌ಬಾಲ್ ಹುಚ್ಚನ್ನು ಆರಿಸಿಕೊಂಡಿತು. ಮೊದಲ ಕಂತಿನಲ್ಲೇ ತಂಡದ ಮುಖ್ಯ ಆಟಗಾರ ಪೆಟ್ಟು ತಿಂದು ನಡೆಯಲಾರದವನಾಗುತ್ತಾನೆ. ಮುಂದೆ ಊರಿನ ಮಕ್ಕಳನ್ನು ಎರಡು ಶಾಲೆಗಳಿಗೆ ಹಂಚಿದಾಗ, ಬಡವರ ಪಾಲಿಗೆ ಬಂದ ಶಾಲೆಯ ಮೈದಾನವೇ ಹಾಳುಬಿದ್ದಿರುತ್ತದೆ.

ಮಾಲ್ಗುಡಿಯ ಕ್ರಿಕೆಟ್

ಕನ್ನಡಿಗರ ಕೈಯಲ್ಲಿ ಈ ಬಗೆಯ ಕಥನ ಮೂಡಿದ್ದು ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ನಲ್ಲಿ. 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದಲ್ಲಿ ಬಂದ ಈ ಸರಣಿಯ ಬಹುಭಾಗ ಆಗುಂಬೆಯಲ್ಲಿ ಚಿತ್ರೀಕರಣಗೊಂಡಿತು. ಇದರಲ್ಲಿ ಆರ್.ಕೆ. ನಾರಾಯಣ್ ಅವರ 1935ರ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕೂಡ ಸೇರಿದೆ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ ನಟಿಸಿದರು.

ಸ್ವಾಮಿ ಇನ್ನೂ ಹದಿಹರೆಯ ಮುಟ್ಟದ ಹುಡುಗ. ಕಥೆಯ ಕಾಲ 1930. ಮಿಷನ್ ಶಾಲೆಯ ಮೇಷ್ಟರು ಅವನ ದೇವರುಗಳನ್ನು ಹೀಯಾಳಿಸುತ್ತಾರೆ. ಸ್ವಾತಂತ್ರ್ಯ ಚಳವಳಿಯ ಗದ್ದಲದಲ್ಲಿ ಸಿಕ್ಕಿಕೊಂಡ ಅವನು ಶಾಲೆ ಬಿಡಬೇಕಾಗುತ್ತದೆ. ಪೊಲೀಸ್ ಅಧಿಕಾರಿಯ ಮಗ ರಾಜಂ ಕಟ್ಟಿದ ಕ್ರಿಕೆಟ್ ತಂಡಕ್ಕೆ ಸ್ವಾಮಿಯೇ ಮುಖ್ಯ ಬೌಲರ್. ಆದರೆ ಹೊಸ ಶಾಲೆಯ ಡ್ರಿಲ್ ತರಗತಿ ಅಭ್ಯಾಸದ ಹೊತ್ತನ್ನೇ ನುಂಗುತ್ತದೆ. ಬೆತ್ತಕ್ಕೆ ಹೆದರಿ ಓಡಿಹೋದ ಹುಡುಗ ಪಂದ್ಯದ ದಿನ ಊರಲ್ಲೇ ಇರುವುದಿಲ್ಲ. ತಂಡ ಸೋಲುತ್ತದೆ, ಗೆಳೆತನ ಮುರಿಯುತ್ತದೆ. ದೊಡ್ಡವರ ಶಿಸ್ತಿನ ಬೆಲೆಯನ್ನು ಮಗು ತೆರಬೇಕಾಯಿತು ಎಂಬುದನ್ನು ಕಥೆ ಭಾಷಣವಿಲ್ಲದೆ ಕಾಣಿಸುತ್ತದೆ.

‘ಸೆಲೆಕ್ಷನ್ ಡೇ’

ಮಂಗಳೂರಿನಲ್ಲಿ ಬೆಳೆದ, 2008ರಲ್ಲಿ ಬೂಕರ್ ಪಡೆದ ಅರವಿಂದ ಅಡಿಗರ ‘ಸೆಲೆಕ್ಷನ್ ಡೇ’ ಕಾದಂಬರಿ 2016ರಲ್ಲಿ ಹೊರಬಂತು. ಪಶ್ಚಿಮ ಘಟ್ಟದ ಕಡೆಯಿಂದ ಮುಂಬೈಗೆ ವಲಸೆ ಬಂದ ಚಟ್ನಿ ವ್ಯಾಪಾರಿ ಮೋಹನ್ ಕುಮಾರ್, ಮಕ್ಕಳಾದ ರಾಧಾಕೃಷ್ಣ ಮತ್ತು ಮಂಜುನಾಥರನ್ನು ಕ್ರಿಕೆಟಿಗರಾಗಿಸಲು ಪಣ ತೊಟ್ಟವನು. ನೆಟ್‌ಫ್ಲಿಕ್ಸ್ ಇದನ್ನು ಸರಣಿಯಾಗಿಸಿ ಮೊದಲ ಭಾಗವನ್ನು 2018ರ ಡಿಸೆಂಬರ್‌ನಲ್ಲಿ, ಎರಡನೆಯದನ್ನು 2019ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿತು. ನಿರ್ದೇಶಕರಲ್ಲಿ ಉದಯನ್ ಪ್ರಸಾದ್ ಒಬ್ಬರು. ಮಂಜುವಾಗಿ ಮೊಹಮ್ಮದ್ ಸಮದ್, ರಾಧಾ ಆಗಿ ಯಶ್ ಢೋಲೆ, ತಂದೆಯಾಗಿ ರಾಜೇಶ್ ತೈಲಂಗ್ ಅಭಿನಯಿಸಿದ್ದಾರೆ.

ಇಲ್ಲಿ ಬೆತ್ತದ ಜಾಗದಲ್ಲಿ ಬಂಡವಾಳ ನಿಂತಿದೆ. ಮಕ್ಕಳ ಮುಂದಿನ ಗಳಿಕೆಯಲ್ಲಿ ಪಾಲು ಬಯಸುವ ಹೂಡಿಕೆದಾರನೊಬ್ಬ ಈ ಬಡ ಕುಟುಂಬಕ್ಕೆ ಹಣ ಕೊಡುತ್ತಾನೆ. ತಮ್ಮ ಮಂಜು ಅಣ್ಣ ರಾಧಾನಿಗಿಂತ ಚೆನ್ನಾಗಿ ಆಡುತ್ತಾನೆ; ಅವನ ಮನಸ್ಸಿರುವುದು ಮಾತ್ರ ವಿಜ್ಞಾನದಲ್ಲಿ. ಶ್ರೀಮಂತ ಆಟಗಾರ ಜಾವೇದನ ಕಡೆಗೆ ಮಂಜುವಿಗಿರುವ ಸೆಳೆತವನ್ನು ತಂದೆಯ ಕಟ್ಟಳೆಗಳಲ್ಲಿ ಹೇಳಿಕೊಳ್ಳಲೂ ಎಡೆಯಿಲ್ಲ. ಪ್ರತಿಭೆಯೇ ಅವನನ್ನು ಕಟ್ಟಿಹಾಕುವ ಹಗ್ಗವಾಗುತ್ತದೆ.

ಮಹತ್ವ

ಕ್ರೀಡೆ ಬಡವರ ಮಕ್ಕಳನ್ನು ಮೇಲೆತ್ತುತ್ತದೆ ಎಂಬ ನಂಬಿಕೆ ಜನಪ್ರಿಯ ಚಿತ್ರಗಳ ಜೀವಾಳ. ಸ್ವಾಮಿಯ ಕಥೆ ಮತ್ತು ‘ಸೆಲೆಕ್ಷನ್ ಡೇ’ ಆ ನಂಬಿಕೆಯನ್ನು ಪರೀಕ್ಷಿಸುತ್ತವೆ. ಸ್ವಾಮಿಗೆ ಆಡುವ ಆಸೆಯಿದ್ದರೂ ಬಿಡುವಿಲ್ಲ, ಮಂಜುವಿಗೆ ಆಡದಿರುವ ಸ್ವಾತಂತ್ರ್ಯವಿಲ್ಲ. ಎರಡರಲ್ಲೂ ತೀರ್ಮಾನ ಮಾಡುವವರು ದೊಡ್ಡವರು. ಎರಡರಲ್ಲೂ ಬ್ಯಾಟು ಚೆಂಡು ಹುಡುಗರ ಕೈಯಲ್ಲೇ ಉಳಿದಿವೆ. ಆಡಬಯಸುವ ಹುಡುಗಿಯ ಕಥೆಯನ್ನೂ ಇಷ್ಟೇ ಆಳವಾಗಿ ಹೇಳಿದಾಗ ಈ ಪರಂಪರೆ ಪೂರ್ಣವಾಗುತ್ತದೆ.