ಮೇನ್‌ಫ್ರೇಮ್‌ನ ಇಮೇಲ್ ಲಗತ್ತುಗಳು

ಒಂದೇ ಇಮೇಲ್‌ಗೆ ಹಲವು ಕಡತ ಲಗತ್ತಿಸಲು ಸರ್ವಸಮ್ಮತ ಕ್ರಮ ಸಿಕ್ಕಿದ್ದು 1992ರ ಜೂನ್‌ನಲ್ಲಿ. ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಆಗ 'ಮೈಮ್' ನಿಯಮಾವಳಿ ಪ್ರಕಟಿಸಿದರು. 

ಮೇನ್‌ಫ್ರೇಮ್‌ನಲ್ಲಿ ಇಮೇಲ್ ಬ್ಯಾಚ್ ಜಾಬ್‌ನ ಒಂದು ಹಂತ. ಐಇಬಿಜೆನರ್ ಯುಟಿಲಿಟಿ ಪತ್ರದ ಸಾಲುಗಳನ್ನು ಸ್ಪೂಲ್ ಎಂಬ ತಾತ್ಕಾಲಿಕ ಸಂಗ್ರಹಕ್ಕೆ ಬರೆಯುತ್ತದೆ. ಅಂಚೆ ರವಾನಿಸುವ ಎಸ್‌ಎಂಟಿಪಿ ಪ್ರೋಗ್ರಾಂ ಅಲ್ಲಿಂದ ಎತ್ತಿ ಕಳಿಸುತ್ತದೆ. ಮೈಮ್ ಪ್ರಕಾರ ಪ್ರತಿ ಲಗತ್ತಿಗೂ ಮೊದಲು ಎರಡು ಅಡ್ಡಗೆರೆಯಿಂದ ಆರಂಭವಾಗುವ ಗಡಿಸಾಲು, ಕೆಳಗೆ ಕಡತದ ಬಗೆ ಮತ್ತು ಹೆಸರು, ಬಳಿಕ ಒಂದು ಖಾಲಿ ಸಾಲು. ಕೊನೆಯ ಗಡಿಸಾಲಿನ ತುದಿಯಲ್ಲೂ ಎರಡು ಅಡ್ಡಗೆರೆ ಬೇಕು.

ಕಳಿಸುವಾಗ ಪಠ್ಯ ಮೇನ್‌ಫ್ರೇಮ್‌ನ ಅಕ್ಷರಸಂಕೇತ ಎಬ್ಸಿಡಿಕ್‌ನಿಂದ ಆಸ್ಕಿಗೆ ಬದಲಾಗುತ್ತದೆ. ಪಿಡಿಎಫ್‌ನಂಥ ಕಡತ ಆ ಬದಲಾವಣೆಯಲ್ಲಿ ಕೆಡದಿರಲು ಬೇಸ್-64 ರೂಪ ಬೇಕು. 3 ಬೈಟ್ 4 ಅಕ್ಷರವಾಗಿ ಗಾತ್ರ ಹಿಗ್ಗುತ್ತದೆ. ಲಯನಲ್ ಡಿಕ್ ಅವರ 'ಎಕ್ಸ್‌ಮಿಟ್‌ಐಪಿ' ಎಂಬ ರೆಕ್ಸ್ ಪ್ರೋಗ್ರಾಂ ಇಷ್ಟೆಲ್ಲ ಕೆಲಸವನ್ನು ಒಂದೇ ಆದೇಶಕ್ಕೆ ಇಳಿಸಿತು. ಮೇನ್‌ಫ್ರೇಮ್‌ನ ಕಾರ್ಯಾಚರಣಾ ವ್ಯವಸ್ಥೆ ಝಡ್/ಓಎಸ್‌ನ 2017ರ 2.3 ಆವೃತ್ತಿಯಲ್ಲಿ, ಸ್ಪೂಲ್‌ನಿಂದ ಅಂಚೆ ಕಳಿಸುವ ಹಳೆಯ ಎಸ್‌ಎಂಟಿಪಿಡಿ ಮರೆಯಾಗಿ, ಅದೇ ಕೆಲಸದ ಸಿಎಸ್‌ಎಸ್‌ಎಂಟಿಪಿ ಮಾತ್ರ ಉಳಿಯಿತು.