ಪೀಜ್: ಒಂದು ಕಿಲೋವಾಟಿನ ಟಿವಿಯ ಕತೆ

ಮುಂಬೈಯಿಂದ ಅಹಮದಾಬಾದಿಗೆ ರೈಲಿನಲ್ಲಿ ಹೋಗುವ ನಮ್ಮವರಿಗೆಲ್ಲ ಆಣಂದ್ ಗೊತ್ತು, ಅಮುಲ್‌ನ ಊರು ಅಂತ. ಅದಾದ ಮೇಲೆ ಬರುವ ನಡಿಯಾದ್ ಕೂಡ ಗೊತ್ತು. ಆದರೆ ನಡಿಯಾದಿನ ಹತ್ತಿರವೇ ಇರುವ ಪೀಜ್ ಎಂಬ ಹಳ್ಳಿಯ ಹೆಸರು ಕೇಳಿದವರು ಕಡಿಮೆ. ಸುಮಾರು ಹತ್ತು ವರ್ಷ ಈ ಹಳ್ಳಿಯಿಂದ ಸುತ್ತಲಿನ ಹಳ್ಳಿಗಳಿಗೆಂದೇ ಟಿವಿ ಪ್ರಸಾರ ನಡೆಯುತ್ತಿತ್ತು ಅಂದರೆ ನಂಬುತ್ತೀರಾ? ಅದು ಶುರುವಾದದ್ದು 1975ರಲ್ಲಿ. ಆಗ ನಮ್ಮ ಬೆಂಗಳೂರಿಗೆ ಟಿವಿ ಬರಲು ಇನ್ನೂ ಆರು ವರ್ಷ ಬಾಕಿಯಿತ್ತು!

ಈ ಕತೆಯ ಬೇರು ಇರುವುದು ವಿಕ್ರಮ್ ಸಾರಾಭಾಯಿ ಅವರ ಒಂದು ಹಟದಲ್ಲಿ. ಬೇರೆ ದೇಶಗಳಲ್ಲಿ ಟಿವಿ ಮೊದಲು ಪಟ್ಟಣಕ್ಕೆ ಬಂದು, ಆಮೇಲೆ ನಿಧಾನಕ್ಕೆ ಹಳ್ಳಿಗೆ ಹೋಯಿತು. ನಮ್ಮಲ್ಲಿ ಹಳ್ಳಿಗೇ ಮೊದಲು ಹೋಗಬೇಕು, ಉಪಗ್ರಹದ ಮೂಲಕ ಅದು ಸಾಧ್ಯ ಎನ್ನುವುದು ಅವರ ವಾದ. 1969ರಲ್ಲಿ ಭಾರತ ಮತ್ತು ಅಮೆರಿಕದ ನಾಸಾ ನಡುವೆ ಒಪ್ಪಂದವಾಯಿತು. ಸಾರಾಭಾಯಿ 1971ರ ಡಿಸೆಂಬರ್ 30ರಂದು ತೀರಿಕೊಂಡರು. ಅವರ ಕನಸು ಕೈಗೂಡಿದ್ದು 1975ರ ಆಗಸ್ಟ್ 1ರಂದು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ಸಂಕ್ಷಿಪ್ತವಾಗಿ ಇದನ್ನು 'ಸೈಟ್' ಪ್ರಯೋಗ ಎನ್ನುತ್ತಾರೆ.

ಆ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜಾಳಿಗೆ ತಂತಿಯ, ಹತ್ತಡಿ ಅಗಲದ ದೊಡ್ಡ ಬುಟ್ಟಿಯಂಥ ಆಂಟೆನಾ ನಿಂತವು. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಅಂದರೆ ಕಲ್ಯಾಣ ಕರ್ನಾಟಕದ ಎಷ್ಟೋ ಹಳ್ಳಿಗರು ಟಿವಿಯನ್ನು ಬೆಂಗಳೂರಿನವರಿಗಿಂತ ಮೊದಲೇ ನೋಡಿದ್ದರು, ಅದೂ ಕನ್ನಡದಲ್ಲಿ. ಸೈಟ್ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗಾಕ್ಕೆ ನೆಲದ ಮೇಲಿನ ಟಿವಿ ಕೇಂದ್ರ ಬಂತು. ಬೆಂಗಳೂರು ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು. ಬೆಂಗಳೂರಿನಿಂದಲೇ ಎಲ್ಲ ಶುರುವಾಯಿತು ಅಂದುಕೊಂಡವರಿಗೆ ಈ ಸಂಗತಿ ಹೇಳಲು ನನಗೆ ಯಾವಾಗಲೂ ಖುಷಿ!

ಇರಲಿ, ಪೀಜ್‌ಗೆ ಬರೋಣ. ಉಪಗ್ರಹ ಒಂದು ವರ್ಷಕ್ಕೆ ಹಿಂದಕ್ಕೆ ಹೋಗುವಂಥದ್ದು. ಅದರ ಚಿತ್ರ ಆರು ರಾಜ್ಯಗಳಿಗೂ ಹಂಚಿ ಹೋಗಬೇಕು. ಒಂದು ಊರಿನ ಬಾವಿ, ಒಂದು ಊರಿನ ಕೂಲಿ ಜಗಳ ಇವಕ್ಕೆಲ್ಲ ಅಲ್ಲಿ ಜಾಗವೆಲ್ಲಿ? ಹಾಗಾಗಿ ಇಸ್ರೋದವರು ಅಹಮದಾಬಾದಿನಿಂದ ಸುಮಾರು 50 ಕಿ.ಮೀ. ದೂರದ ಪೀಜ್‌ನಲ್ಲಿ ಒಂದು ಸಣ್ಣ ಟ್ರಾನ್ಸ್‌ಮಿಟರ್ ಹಾಕಿದರು. ಶಕ್ತಿ ಬರೀ ಒಂದು ಕಿಲೋವಾಟ್. ಮನೆಯಲ್ಲಿ ನಾವು ಬಳಸುವ ಇಸ್ತ್ರಿಪೆಟ್ಟಿಗೆಯೂ ಹೆಚ್ಚುಕಡಿಮೆ ಅಷ್ಟೇ ವಿದ್ಯುತ್ ಎಳೆಯುತ್ತದೆ! ಸುತ್ತ ಸುಮಾರು 35 ಕಿ.ಮೀ. ತನಕ ಅದರ ಚಿತ್ರ ಸಿಗುತ್ತಿತ್ತು. ಅಷ್ಟರೊಳಗೆ ಖೇಡಾ ಜಿಲ್ಲೆಯ ಸುಮಾರು 400 ಹಳ್ಳಿಗಳು. ಅಲ್ಲಿ 600ಕ್ಕೂ ಹೆಚ್ಚು ಸಾರ್ವಜನಿಕ ಟಿವಿ ಪೆಟ್ಟಿಗೆಗಳು. ದೊಡ್ಡ ಬುಟ್ಟಿ ಆಂಟೆನಾ ಬೇಕಿಲ್ಲ, ಮಾಮೂಲಿ ಟಿವಿ, ಮಾಮೂಲಿ ಆಂಟೆನಾ ಸಾಕು. ಕಾರ್ಯಕ್ರಮ ತಯಾರಿಸುತ್ತಿದ್ದದ್ದು ಅಹಮದಾಬಾದಿನಲ್ಲಿರುವ ಇಸ್ರೋದ ಸ್ಪೇಸ್ ಅಪ್ಲಿಕೇಷನ್ಸ್ ಸೆಂಟರ್. ಆಗ ಅದರ ನಿರ್ದೇಶಕರಾಗಿದ್ದವರು ವಿಜ್ಞಾನಿ ಯಶ್ ಪಾಲ್. ರಾಕೆಟ್ ಹಾರಿಸುವ ಸಂಸ್ಥೆಯೊಂದು ಹಳ್ಳಿಯವರಿಗಾಗಿ ನಾಟಕ ಆಡಿಸಿದ್ದು ಬೇರೆಲ್ಲಾದರೂ ಉಂಟೇ?

ಖೇಡಾ ಜಿಲ್ಲೆಯೇ ಯಾಕೆ? ಒಂದು, ಅದು ಅಹಮದಾಬಾದಿಗೆ ಹತ್ತಿರ. ಎರಡು, ಅಲ್ಲಿ 1946ರಿಂದಲೇ ಹಾಲಿನ ಸಹಕಾರ ಸಂಘ ಬೇರೂರಿತ್ತು. ಬೆಳಿಗ್ಗೆ ಸಂಜೆ ಎರಡು ಹೊತ್ತು ಊರಿನ ಜನ ಹಾಲು ಹಾಕಲು ಡೇರಿಗೆ ಬರಲೇಬೇಕು. ಹಾಲಿನ ಸಂಘದ ಕಟ್ಟೆಗಿಂತ ಒಳ್ಳೆಯ ಟಿವಿ ಮನೆ ಯಾವುದು ಸಿಕ್ಕೀತು? ಆದರೆ ಅದೇ ಖೇಡಾದಲ್ಲಿ ತಂಬಾಕು ಬೆಳೆಯುವ ದೊಡ್ಡ ಜಮೀನುದಾರರೂ ಇದ್ದರು, ಅವರ ಹೊಲದಲ್ಲಿ ದುಡಿಯುವ ಭೂಮಿಯಿಲ್ಲದ ಕೂಲಿಯವರೂ ಇದ್ದರು. ಹಾಲಿನ ಕ್ರಾಂತಿಯ ಫೋಟೋದಲ್ಲಿ ಈ ಎರಡನೆಯವರು ಅಷ್ಟಾಗಿ ಕಾಣುವುದಿಲ್ಲ.

ಪೀಜ್ ಟಿವಿಯ ದೊಡ್ಡತನ ಇರುವುದು ಇಲ್ಲಿ. ಅದು ಈ ಎರಡನೆಯವರ ಕಡೆಗೂ ಕ್ಯಾಮರಾ ತಿರುಗಿಸಿತು. ಕಾರ್ಯಕ್ರಮ ಮಾಡುವ ಮೊದಲು ಸಂಶೋಧಕರು ಹಳ್ಳಿಗೆ ಹೋಗಿ ಜನರ ಜೊತೆ ಕೂತು ಕೇಳಬೇಕು, ಪ್ರಸಾರವಾದ ಮೇಲೆ ಮತ್ತೆ ಹೋಗಿ 'ಏನು ತಿಳೀತು, ಏನು ಹಿಡಿಸಲಿಲ್ಲ' ಅಂತ ಕೇಳಬೇಕು. ಹೊತ್ತುಕೊಂಡು ಹೋಗಬಹುದಾದ ಸಣ್ಣ ವಿಡಿಯೋ ಕ್ಯಾಮರಾ ಊರೊಳಗೆ ಬಂತು. ಹಳ್ಳಿಯವರೇ ಪಾತ್ರ ಮಾಡಿದರು, ಕತೆ ಬರೆಯುವುದರಲ್ಲೂ ಕೈ ಜೋಡಿಸಿದರು. ಕನಿಷ್ಠ ಕೂಲಿ, ಜಾತಿ ತಾರತಮ್ಯ, ಕುಡಿತ, ವರದಕ್ಷಿಣೆ, ವಿಧವೆಯರ ಮರುಮದುವೆ, ಸಹಕಾರ ಸಂಘದೊಳಗಿನ ರಾಜಕೀಯ, ಎಲ್ಲವೂ ಟಿವಿಯಲ್ಲಿ ಬಂತು. ಜಾಹೀರಾತು ಮಾತ್ರ ಇರಲಿಲ್ಲ.

'ಚತುರ್ ಮೋಟಾ', 'ಹೂಂ ನೇ ಮಾರಾ ಎ' ಎಂಬ ಸರಣಿಗಳು ಅಲ್ಲಿ ಹೆಸರು ಮಾಡಿದವು. ಎರಡನೆಯದರ ಹೆಸರು ನೋಡಿ. ಗಂಡನ ಹೆಸರು ಹೇಳಬಾರದ ಹೆಂಡತಿ ಗುಜರಾತಿಯಲ್ಲಿ 'ಮಾರಾ ಎ' ಅನ್ನುತ್ತಾಳೆ, ನಮ್ಮ ಹೆಂಗಸರು 'ನಮ್ಮನಿಯವ್ರು' ಅನ್ನುವ ಹಾಗೆ. 'ನಾನೂ ನಮ್ಮನಿಯವ್ರೂ' ಅಂತ ಹೆಸರಿಟ್ಟರೆ ಸಾಕು, ಯಾವ ಹಳ್ಳಿಯ ಹೆಂಗಸಿಗೂ ಇದು ತನ್ನ ಮನೆಯ ಮಾತು ಅಂತ ಗೊತ್ತಾಗಿಬಿಡುತ್ತದೆ. ದಿಲ್ಲಿಯ ಹಿಂದಿಯಲ್ಲಿ ಕೂತು ಇಂಥ ಹೆಸರು ಹುಡುಕುವುದು ಕಷ್ಟ. ನಮ್ಮ ಬಯಲಾಟಕ್ಕೆ ಹತ್ತಿರದ ಅಲ್ಲಿನ ಭವಾಯಿ ಕಲೆಯನ್ನೂ ಟಿವಿಗೆ ತಂದರು. 1980ರಲ್ಲಿ 'ಭವನಿ ಭವಾಯಿ' ಸಿನಿಮಾ ಮಾಡಿದ ಕೇತನ್ ಮೆಹ್ತಾ ಅದಕ್ಕೂ ಮೊದಲು ಇದೇ ಅಹಮದಾಬಾದ್ ಕೇಂದ್ರದಲ್ಲಿ ಟಿವಿ ಕಾರ್ಯಕ್ರಮ ಮಾಡುತ್ತಿದ್ದವರು. ಅಸ್ಪೃಶ್ಯತೆಯ ಬಗ್ಗೆ ಆ ಸಿನಿಮಾ ಭವಾಯಿಯ ಧಾಟಿಯಲ್ಲಿ ಮಾತಾಡಿದ್ದು ಕಾಕತಾಳೀಯ ಇರಲಾರದು.

ಟಿವಿ ಬಂದ ಕೂಡಲೇ ಕೂಲಿ ಏರಿತು, ಜಾತಿ ಹೋಯಿತು ಅಂತ ನಾನು ಹೇಳುತ್ತಿಲ್ಲ. ಸಾರ್ವಜನಿಕ ಟಿವಿಯ ಮುಂದೆ ಕೂರುವ ಜಾಗ ಕೂಡ ಊರಿನ ಅಧಿಕಾರ ಯಾರದೋ ಅವರ ಕೈಯಲ್ಲೇ ಇರುತ್ತದೆ. ಆದರೂ ನಿನ್ನ ಕೂಲಿ ಇಷ್ಟು ಅಂತ ಕಾನೂನು ಹೇಳುತ್ತದೆ ಎಂಬ ಮಾತು ಧಣಿಯ ಎದುರೇ, ಸರಕಾರಿ ಪೆಟ್ಟಿಗೆಯಿಂದ, ತನ್ನದೇ ಭಾಷೆಯಲ್ಲಿ ಕೇಳಿಬರುವುದು ಸಣ್ಣ ಸಂಗತಿಯೇನಲ್ಲ.

1984ರಲ್ಲಿ ಈ ಖೇಡಾ ಯೋಜನೆಗೆ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೋ ಪ್ರಶಸ್ತಿ ಬಂತು. ಮರುವರ್ಷ, 1985ರಲ್ಲಿ, ಪೀಜ್ ಟ್ರಾನ್ಸ್‌ಮಿಟರ್ ಬಾಯಿ ಮುಚ್ಚಿತು!

ಏನಾಯಿತು ಅಂದರೆ, 1982ರ ಏಷ್ಯಾಡ್ ಹೊತ್ತಿಗೆ ಕಲರ್ ಟಿವಿ ಬಂತು, ರಾಷ್ಟ್ರೀಯ ಜಾಲ ಬಂತು. 1984ರಲ್ಲಂತೂ ದೇಶದಲ್ಲಿ ದಿನಕ್ಕೊಂದರಂತೆ ಸಣ್ಣ ಟ್ರಾನ್ಸ್‌ಮಿಟರ್‌ಗಳನ್ನು ನೆಟ್ಟರು. ಅವೂ ಪೀಜ್‌ನಂತೆಯೇ ಕಡಿಮೆ ಶಕ್ತಿಯವು. ಆದರೆ ಅವುಗಳ ಕೆಲಸ ದಿಲ್ಲಿಯದನ್ನು ಮುಂದಕ್ಕೆ ದಾಟಿಸುವುದು ಮಾತ್ರ. ತಮ್ಮ ಊರಿನ ಒಂದು ಮಾತೂ ಅವುಗಳಿಂದ ಹೊರಡುತ್ತಿರಲಿಲ್ಲ. ಅಹಮದಾಬಾದಿನ ದೊಡ್ಡ ಟ್ರಾನ್ಸ್‌ಮಿಟರ್ ಖೇಡಾಕ್ಕೂ ತಲುಪುತ್ತದೆ, ಇನ್ನು ಪೀಜ್ ಯಾಕೆ ಎನ್ನುವ ಲೆಕ್ಕ ಶುರುವಾಯಿತು. ಹಳ್ಳಿಯವರು ವಿರೋಧಿಸಿದರು. ಕೇಳಲಿಲ್ಲ. ಮದ್ರಾಸಿನ ಎರಡನೆಯ ಚಾನೆಲ್‌ಗೆಂದು ಆ ಯಂತ್ರವನ್ನು ಬಿಚ್ಚಿ ಸಾಗಿಸಿದರು. ಮಹಾನಗರಕ್ಕೆ ಎರಡನೆಯ ಟಿವಿ ಕೊಡಲು ಹಳ್ಳಿಯ ಒಂದೇ ಟಿವಿಯನ್ನು ಕಿತ್ತುಕೊಂಡ ಹಾಗಾಯಿತು. ಹಳ್ಳಿಗೇ ಮೊದಲು ಎಂದಿದ್ದ ಸಾರಾಭಾಯಿ ಅವರ ಮಾತು ತಲೆಕೆಳಗಾಯಿತು.

ಕಿಲೋವಾಟಿನ ಲೆಕ್ಕದಲ್ಲಿ ಅಧಿಕಾರಿಗಳ ಮಾತು ಸರಿಯೇ. ದೊಡ್ಡದರ ನೆರಳಿನಲ್ಲಿ ಸಣ್ಣದು ಬೇಕಾಗಿರಲಿಲ್ಲ. ಆದರೆ ಇಡೀ ರಾಜ್ಯಕ್ಕೆ ಮಾತಾಡುವ ಟಿವಿಯಲ್ಲಿ ಖೇಡಾದ ಒಬ್ಬ ಕೂಲಿಯವಳ ದೂರಿಗೆ ಸಮಯ ಕೊಡುವವರು ಯಾರು? ಪೀಜ್‌ನ ಶಕ್ತಿ ಅದರ ಸಣ್ಣತನವೇ ಆಗಿತ್ತು. 35 ಕಿ.ಮೀ. ಆಚೆಗೆ ಯಾರಿಗೂ ಉತ್ತರ ಹೇಳಬೇಕಿಲ್ಲದ ಕಾರಣಕ್ಕೇ ಒಳಗಿನವರಿಗೆ ಉತ್ತರ ಹೇಳಲು ಅದಕ್ಕೆ ಸಾಧ್ಯವಾಯಿತು.

ಗಾಳಿಯ ಅಲೆಗಳು ಸಾರ್ವಜನಿಕ ಸೊತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಊರಿನ ಸಂಘಸಂಸ್ಥೆಗಳಿಗೆ ಸ್ವಂತ ರೇಡಿಯೋ ನಡೆಸಲು ಅವಕಾಶ ಸಿಕ್ಕಿದ್ದು 2006ರಲ್ಲಿ. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಅದಕ್ಕೂ ಮೊದಲೇ, ಲೈಸೆನ್ಸ್ ಸಿಗದಿದ್ದಾಗ, ಕೇಬಲ್ ತಂತಿಯ ಮೂಲಕ 'ನಮ್ಮ ಧ್ವನಿ'ಯನ್ನು ಮನೆಮನೆಗೆ ಮುಟ್ಟಿಸಿದ್ದರು. ಪೀಜ್ ನಿಂತಲ್ಲಿಂದ ಒಂದು ಎಳೆ ಅಲ್ಲಿ ಮುಂದುವರಿಯಿತು ಅಂತ ನನಗನ್ನಿಸುತ್ತದೆ.

ಪರಊರಿನಲ್ಲಿ ಕೂತ ನಮಗೆ ಈಗ ರಿಮೋಟ್ ಒತ್ತಿದರೆ ಹತ್ತಾರು ಕನ್ನಡ ಚಾನೆಲ್. ಬೆಂಗಳೂರಿನ ಯಾವ ರಸ್ತೆಯಲ್ಲಿ ನೀರು ನಿಂತಿದೆ ಅಂತ ಕ್ಷಣದಲ್ಲಿ ತಿಳಿಯುತ್ತದೆ. ನಮ್ಮ ನಮ್ಮ ಹಳ್ಳಿಯ ಕೆರೆ ತುಂಬಿತೋ ಇಲ್ಲವೋ ತಿಳಿಯಲು ಮಾತ್ರ ಇವತ್ತಿಗೂ ಊರಿಗೆ ಫೋನೇ ಮಾಡಬೇಕು.