ಹಿಮವಿಲ್ಲದ ನಾಡಿನಲ್ಲಿ ಹಿಮದ ಹಾಕಿ

ಜತ್ತ ತಾಲೂಕಿನವರಾದ ನಮಗೆ ಮಂಜುಗಡ್ಡೆಯೆಂದರೆ ಬೇಸಗೆಯಲ್ಲಿ ಶರಬತ್ತಿಗೆ ಹಾಕುವ ಪದಾರ್ಥ. ಅದರ ಮೇಲೆ ಜಾರುತ್ತ ಆಡುವ ಹಾಕಿಯ ಇತಿಹಾಸವು ಕುಸ್ತಿಯ ಅಖಾಡವನ್ನು ಮಾತ್ರ ಬಲ್ಲ ನಮಗೇಕೆಂದು ವಾಚಕರು ಕೇಳಬಹುದು. ಆದರೆ ಜನರ ಅಭಿಮಾನವನ್ನು ಗಳಿಸಿ ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಯು ಗಡಿನಾಡಿನ ಕನ್ನಡ ಸಂಘಗಳಿಗೂ ಇದ್ದೇ ಇದೆ.

1917ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹುಟ್ಟಿದ ನ್ಯಾಷನಲ್ ಹಾಕಿ ಲೀಗ್ ಮೂಲತಃ ಚಳಿನಾಡಿನ ಸಂಸ್ಥೆ. ಅದು ಅಮೆರಿಕದ ದಕ್ಷಿಣ ಭಾಗದ ಅಟ್ಲಾಂಟಾಕ್ಕೆ 1972ರಲ್ಲಿ ಒಂದು ತಂಡವನ್ನು ಕೊಟ್ಟಿತು. 1980ರಲ್ಲಿ ಆ ತಂಡ ಕೆನಡಾದ ಕ್ಯಾಲ್ಗರಿಗೆ ಹೊರಟುಹೋಯಿತು. 1999ರಲ್ಲಿ ಬಂದ ಎರಡನೆಯ ತಂಡವು ಹನ್ನೊಂದು ಋತುಗಳಲ್ಲಿ ಒಮ್ಮೆ ಮಾತ್ರ ಕೊನೆಯ ಸುತ್ತುಗಳಿಗೇರಿತು. ಅಲ್ಲಿಯೂ ನಾಲ್ಕಕ್ಕೆ ನಾಲ್ಕು ಪಂದ್ಯಗಳನ್ನು ಸೋತಿತು. 2011ರಲ್ಲಿ ಅದೂ ಕೆನಡಾದ ವಿನಿಪೆಗ್‌ಗೆ ತೆರಳಿತು.

ಮರುಭೂಮಿಯ ಫೀನಿಕ್ಸ್ ನಗರದ ಕಥೆ ಇನ್ನೂ ದೀರ್ಘವಾದುದು. 1996ರಲ್ಲಿ ವಿನಿಪೆಗ್‌ನಿಂದ ಅಲ್ಲಿಗೆ ಬಂದ ತಂಡವು 2003ರಲ್ಲಿ ಊರಾಚೆಯ ಗ್ಲೆಂಡೇಲ್‌ಗೆ ಹೋಯಿತು, 2009ರಲ್ಲಿ ದಿವಾಳಿಯೆದ್ದಿತು, 2022ರಲ್ಲಿ ಸುಮಾರು 5000 ಆಸನಗಳ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಆಶ್ರಯ ಪಡೆಯಿತು. ಹೊಸ ಕ್ರೀಡಾಂಗಣದ ಯೋಜನೆಯನ್ನು 2023ರಲ್ಲಿ ಟೆಂಪಿಯ ಮತದಾರರು ನಿರಾಕರಿಸಿದರು. ಮರುವರ್ಷವೇ ಆಟಗಾರರು ಸಾಲ್ಟ್ ಲೇಕ್ ಸಿಟಿಯ ಪಾಲಾದರು. ಇಪ್ಪತ್ತೆಂಟು ವರ್ಷ ಬೆಂಬಲಿಸಿದವರಿಗೆ ಉಳಿದದ್ದು ಹಳೆಯ ಅಂಗಿಗಳು ಮಾತ್ರ.

ತಪ್ಪನ್ನೆಲ್ಲ ಸೆಕೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಫ್ಲಾರಿಡಾದ ಟ್ಯಾಂಪಾದಲ್ಲಿ ಸೆಕೆ ಕಡಿಮೆಯೇನೂ ಇಲ್ಲ. 1992ರಲ್ಲಿ ಆಟವಾರಂಭಿಸಿದ ಅಲ್ಲಿನ ತಂಡವು 2004, 2020, 2021ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತು. ಗೆದ್ದು ಸುಮ್ಮನಿರದೆ, ಬೀದಿಯಲ್ಲಿ ಆಡುವ ಹಾಕಿಯ ಕೋಲುಗಳನ್ನು ಮಕ್ಕಳಿಗೆ ಹಂಚಿತು. ಸಂಗೀತಕ್ಕೆ ಹೆಸರಾದ ನ್ಯಾಶ್‌ವಿಲ್‌ನಲ್ಲಿ 2007ರಲ್ಲಿ ತಂಡವು ಕೈತಪ್ಪುವ ಹಾಗಾದಾಗ ಜನರೇ ಒಟ್ಟುಗೂಡಿ ಟಿಕೇಟುಗಳನ್ನು ಕೊಂಡರು; ಸ್ಥಳೀಯರು ತಂಡವನ್ನೇ ಕೊಂಡರು. ತಂಡ ಅಲ್ಲಿಯೇ ಉಳಿಯಿತು.

ಹಿಮದ ಹಾಕಿಯನ್ನು ಬಿಟ್ಟು ಮೈದಾನದ ಹಾಕಿಗೆ ಬಂದರೆ, ನಮ್ಮ ಕೊಡಗು ಇನ್ನೂ ಮುಂದೆ ಹೋಗಿದೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಆರಂಭಿಸಿದಾಗ ಬಂದ ತಂಡಗಳು 60. ನಾಪೋಕ್ಲುವಿನಲ್ಲಿ 2024ರಲ್ಲಿ ಆಡಿದವು 360; ಗಿನ್ನೆಸ್ ದಾಖಲೆಯೂ ಆಯಿತು. ಅಲ್ಲಿ ತಂಡಕ್ಕೆ ಮನೆತನದ ಹೆಸರೇ ಹೆಸರು. ಒಂದೇ ತಂಡದಲ್ಲಿ ಗಂಡಸರೂ ಹೆಂಗಸರೂ, ಹಿರಿಯರೂ ಕಿರಿಯರೂ ಆಡುವರು. ಪ್ರೇಕ್ಷಕರನ್ನು ಹುಡುಕಿ ತರಬೇಕಾದ ಪ್ರಮೇಯವೇ ಇಲ್ಲ. ಅಂಗಳದಲ್ಲಿರುವವಳು ತಮ್ಮ ಮನೆಯ ಮಗಳು.

ನಮ್ಮ ಸಭೆಗಳಲ್ಲಿ ಜಮಖಾನೆ ಬರಿದಾಗಿ ಕಂಡಾಗಲೆಲ್ಲ ನಾವು ಸೀಮೆಯನ್ನು ದೂರುತ್ತೇವೆ, ಸರಕಾರವನ್ನು ದೂರುತ್ತೇವೆ. ಆ ದೂರಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ನಮ್ಮ ಕಾರ್ಯಕ್ರಮಗಳಲ್ಲಿ ಮನೆಮನೆಯ ಮಕ್ಕಳಿಗೆ ಪಾತ್ರವೊಂದು, ಪದ್ಯವೊಂದು ದೊರೆತಿದೆಯೇ? ಮುಂದಿನ ಸಭೆಗೆ ಕರಪತ್ರ ಹಂಚುವ ಮುನ್ನ ಇದನ್ನು ನಾವು ಕೇಳಿಕೊಳ್ಳಬೇಕಾಗಿದೆ.